ಬಾಗಿಲು ತಪ್ಪಿದವನಿಗೆ ಹಕ್ಕೂ ತಪ್ಪಬೇಕೇ?

ನ್ಯಾಯಾಲಯದ ಮೆಟ್ಟಿಲೇರಿದವನು ಸೋಲುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಅವನ ಪಕ್ಷದಲ್ಲಿ ನ್ಯಾಯವೇ ಇಲ್ಲದಿರುವುದು. ಇನ್ನೊಂದು, ನ್ಯಾಯವಿದ್ದೂ ಅವನು ತಟ್ಟಿದ ಬಾಗಿಲು ಬೇರೆಯದಾಗಿರುವುದು. ಮೊದಲನೆಯ ಸೋಲಿನ ಬಗ್ಗೆ ದೂರುವ ಅಧಿಕಾರ ಯಾರಿಗೂ ಇಲ್ಲ. ಆದರೆ ಎರಡನೆಯ ಸೋಲು ನ್ಯಾಯದಾನ ವ್ಯವಸ್ಥೆಗೇ ಅಂಟಿದ ಕಳಂಕ. ಅದರ ಭಾರ ಬೀಳುವುದು ಯಾವಾಗಲೂ ಬಡವನ ಮೇಲೆ, ಹೆಣ್ಣಿನ ಮೇಲೆ ಮತ್ತು ಕೇಳುವವರಿಲ್ಲದ ಧಾರ್ಮಿಕ ದತ್ತಿಗಳ ಮೇಲೆ.

ಒಂದು ಪಟ್ಟಣದ ಮಸೀದಿಗೆ ಸೇರಿದ ಅಂಗಡಿ ಕೋಣೆಯನ್ನು ಬಾಡಿಗೆಗೆ ಪಡೆದವನು ಬಾಡಿಗೆಯನ್ನೂ ಕೊಡುತ್ತಿಲ್ಲ, ಕೋಣೆಯನ್ನೂ ತೆರವು ಮಾಡುತ್ತಿಲ್ಲ ಎಂದಿಟ್ಟುಕೊಳ್ಳೋಣ. ಕಮಿಟಿಯವರು ವಕೀಲರೊಬ್ಬರನ್ನು ಹಿಡಿದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತಾರೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ದಾಖಲೆಗಳು ಹಾಜರಾಗುತ್ತವೆ. ಸಾಕ್ಷಿಗಳ ಹೇಳಿಕೆ, ಪಾಟೀಸವಾಲು ಎಲ್ಲವೂ ಮುಗಿಯುತ್ತದೆ. ಅಷ್ಟರಲ್ಲಿ ಐದಾರು ವರ್ಷಗಳು ಉರುಳಿರುತ್ತವೆ. ಆಗ ಎದುರು ಪಕ್ಷದ ವಕೀಲರು ಎದ್ದು ನಿಂತು, ಇದು ವಕ್ಫ್ ನ್ಯಾಯಮಂಡಳಿಯ ಮುಂದೆ ಹೋಗಬೇಕಾದ ವಿವಾದ, ಈ ನ್ಯಾಯಾಲಯಕ್ಕೆ ಇದನ್ನು ವಿಚಾರಿಸುವ ಅಧಿಕಾರವೇ ಇಲ್ಲ ಎನ್ನುತ್ತಾರೆ. ನ್ಯಾಯಾಧೀಶರು ಅದನ್ನು ಒಪ್ಪುತ್ತಾರೆ. ಕಾನೂನಿನ ಪ್ರಕಾರ ಒಪ್ಪಲೇಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 10ನೇ ನಿಯಮದಂತೆ ವಾದಪತ್ರವನ್ನು ವಾದಿಗೆ ಹಿಂದಿರುಗಿಸಲಾಗುತ್ತದೆ. ಯಾರ ಪಕ್ಷ ಸರಿ, ಯಾರದು ತಪ್ಪು ಎಂಬ ಬಗ್ಗೆ ಅಲ್ಲಿ ಒಂದಕ್ಷರವೂ ಇರುವುದಿಲ್ಲ.

ಹಾಗೆ ಹಿಂದಿರುಗಿಸಿದ ವಾದಪತ್ರವನ್ನು ಸರಿಯಾದ ನ್ಯಾಯಾಲಯಕ್ಕೆ ಕೊಂಡೊಯ್ದಾಗ ಏನಾಗುತ್ತದೆ? ವಿಚಾರಣೆ ನಿಂತಲ್ಲಿಂದ ಮುಂದುವರಿಯುತ್ತದೆಯೇ? ಇಲ್ಲ. 2020ರ ಆಗಸ್ಟ್ 5ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದೆ. ಹಿಂದಿರುಗಿದ ವಾದಪತ್ರವನ್ನು ಹೊಸ ನ್ಯಾಯಾಲಯದಲ್ಲಿ ಸಲ್ಲಿಸಿದರೆ ವಿಚಾರಣೆ ಮೊದಲಿನಿಂದ ಆರಂಭವಾಗಬೇಕು. ಅಂದರೆ ಐದಾರು ವರ್ಷಗಳ ಶ್ರಮ ಶೂನ್ಯ. ಅಷ್ಟರಲ್ಲಿ ಮುದುಕ ಸಾಕ್ಷಿಯೊಬ್ಬ ತೀರಿಕೊಂಡಿದ್ದರೆ ಅವನ ಸಾಕ್ಷ್ಯವನ್ನು ಮತ್ತೆ ಪಡೆಯುವುದಾದರೂ ಎಲ್ಲಿಂದ?

ಕಾನೂನಿನಲ್ಲೇ ಇರುವ ಇನ್ನೊಂದು ದಾರಿ

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮನ್ನು ನೋಡಿರಿ. ತನ್ನ ಅಧೀನದ ಒಂದು ನ್ಯಾಯಾಲಯದಿಂದ ಇನ್ನೊಂದು ನ್ಯಾಯಾಲಯಕ್ಕೆ ದಾವೆಯನ್ನು ವರ್ಗಾಯಿಸುವ ಅಧಿಕಾರವನ್ನು ಅದು ಹೈಕೋರ್ಟಿಗೂ ಜಿಲ್ಲಾ ನ್ಯಾಯಾಲಯಕ್ಕೂ ನೀಡುತ್ತದೆ. ಪಕ್ಷಗಾರರು ಅರ್ಜಿ ಹಾಕಿದಾಗಲೂ, ಸ್ವಯಂಪ್ರೇರಣೆಯಿಂದಲೂ ಈ ಅಧಿಕಾರವನ್ನು ಬಳಸಬಹುದು. ವಿಚಾರಣೆ ನಡೆಸುವ ಅಧಿಕಾರವಿಲ್ಲದ ನ್ಯಾಯಾಲಯದಲ್ಲಿರುವ ದಾವೆಯನ್ನೂ ಹೀಗೆ ವರ್ಗಾಯಿಸಬಹುದೆಂದು ಅದರ 5ನೇ ಉಪಕಲಮು ಸ್ಪಷ್ಟವಾಗಿ ಹೇಳುತ್ತದೆ. ವರ್ಗಾವಣೆಯಾದ ದಾವೆಯನ್ನು ಹೊಸ ನ್ಯಾಯಾಲಯವು ಬೇಕಿದ್ದರೆ ಮೊದಲಿನಿಂದ ವಿಚಾರಿಸಬಹುದು, ಇಲ್ಲವೇ ನಿಂತ ಹಂತದಿಂದಲೇ ಮುಂದುವರಿಸಬಹುದು ಎಂದು 2ನೇ ಉಪಕಲಮು ಹೇಳುತ್ತದೆ.

ಈ 5ನೇ ಉಪಕಲಮಿಗೆ ಒಂದು ಇತಿಹಾಸವಿದೆ. ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಹುಟ್ಟಿದ ದಾವೆಯನ್ನು ವರ್ಗಾಯಿಸಲೂ ಬರುವುದಿಲ್ಲವೆಂದು 1886ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತ್ತು. ಬ್ರಿಟಿಷರು ಹೋದ ಬಳಿಕವೂ ಆ ತತ್ವ ಇಲ್ಲಿಯೇ ಉಳಿಯಿತು. 1976ರ ತಿದ್ದುಪಡಿಯ ಮೂಲಕ ಪಾರ್ಲಿಮೆಂಟು ಅದನ್ನು ಕಿತ್ತೊಗೆಯಿತು. ಒಂದು ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಲು ತೊಂಬತ್ತು ವರ್ಷಗಳು ಬೇಕಾದವು. ಗುರುತಿಸಿದ ಮೇಲಾದರೂ ಅದು ನಿಂತಿತೇ? ವರ್ಗಾವಣೆಯ ಅಧಿಕಾರವು ಪುಸ್ತಕದಲ್ಲಿದೆ. ರೂಢಿಯಲ್ಲಿರುವುದು ವಾದಪತ್ರವನ್ನು ಕೈಗೆ ಕೊಟ್ಟು ಕಳುಹಿಸುವ ಪದ್ಧತಿ. ಒಂದೇ ಜಿಲ್ಲೆಯೊಳಗೆ, ಕೆಲವೊಮ್ಮೆ ಒಂದೇ ಆವರಣದೊಳಗೆ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಬೇಕಾದ ಕಡತವೂ ವಾದಿಯ ಮನೆಯನ್ನು ಸುತ್ತಿಕೊಂಡೇ ಹೋಗಬೇಕಾಗಿದೆ.

2005ರಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥಪಡಿಸಿದ ಪ್ರಕರಣವೊಂದು ಈ ಪದ್ಧತಿಯ ಕ್ರೌರ್ಯಕ್ಕೆ ಕನ್ನಡಿ ಹಿಡಿಯುತ್ತದೆ. ಹರಿಯಾಣದ ಗುರ್‌ಗಾಂವ್‌ನಲ್ಲಿದ್ದ ನಿವೇಶನಕ್ಕಾಗಿ ಖರೀದಿದಾರರೊಬ್ಬರು ದೊಡ್ಡ ನಿರ್ಮಾಣ ಸಂಸ್ಥೆಯೊಂದರ ವಿರುದ್ಧ 1988ರಲ್ಲಿ ದಿಲ್ಲಿಯಲ್ಲಿ ದಾವೆ ಹೂಡಿದ್ದರು. ದಿಲ್ಲಿಯ ನ್ಯಾಯಾಲಯಕ್ಕೆ ಅಧಿಕಾರವಿದೆಯೆಂದು ಆ ಸಂಸ್ಥೆಯೇ ಆರಂಭದಲ್ಲಿ ಒಪ್ಪಿಕೊಂಡಿತ್ತು. ವರ್ಷಗಳು ಕಳೆದ ಮೇಲೆ ಅದು ತನ್ನ ಲಿಖಿತ ಹೇಳಿಕೆಯನ್ನು ತಿದ್ದಿಕೊಂಡು ಆಕ್ಷೇಪವೆತ್ತಿತು. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಸ್ಥಳದಲ್ಲೇ ಹೂಡಬೇಕೆಂಬ 16ನೇ ಕಲಮಿನ ಮುಂದೆ ಪಕ್ಷಗಾರರ ಒಪ್ಪಿಗೆಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಹದಿನೇಳು ವರ್ಷಗಳ ಹೋರಾಟದ ಕೊನೆಯಲ್ಲಿ ವಾದಿಗೆ ದೊರೆತದ್ದು ತನ್ನದೇ ವಾದಪತ್ರ. ಕಾನೂನಿನ ಅಕ್ಷರಕ್ಕೆ ಇದು ಸರಿಯಿರಬಹುದು. ಆದರೆ ಒಬ್ಬ ಸಾಮಾನ್ಯ ಮನುಷ್ಯನ ಆಯುಸ್ಸಿನಲ್ಲಿ ಹದಿನೇಳು ವರ್ಷಗಳೆಂದರೆ ಎಷ್ಟು ದೊಡ್ಡ ಪಾಲು?

ವಕ್ಫ್ ದಾವೆಗಳ ಅಲೆದಾಟ

ಈ ವಿಷಯ ನಮ್ಮ ಸಮುದಾಯವನ್ನು ಹೆಚ್ಚು ಕಾಡಬೇಕಾದುದು ವಕ್ಫ್ ಆಸ್ತಿಗಳ ಕಾರಣದಿಂದ. ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ವಕ್ಫ್ ದಾವೆಗಳಲ್ಲಿ ಬದಲಾದಷ್ಟು ಸಲ ಬೇರೆ ದಾವೆಗಳಲ್ಲಿ ಬದಲಾಗಿರುವುದು ವಿರಳ.

1995ರ ವಕ್ಫ್ ಕಾಯಿದೆಯು ವಕ್ಫ್ ವಿವಾದಗಳಿಗಾಗಿಯೇ ನ್ಯಾಯಮಂಡಳಿಯನ್ನು ಏರ್ಪಡಿಸಿತು. ನ್ಯಾಯಮಂಡಳಿ ತೀರ್ಮಾನಿಸಬೇಕಾದ ವಿಷಯಗಳನ್ನು ಸಿವಿಲ್ ನ್ಯಾಯಾಲಯಗಳು ಮುಟ್ಟಬಾರದೆಂದು ಅದರ 85ನೇ ಕಲಮು ನಿರ್ಬಂಧಿಸಿತು. ಇದನ್ನು ನಂಬಿ ಬಾಡಿಗೆದಾರರನ್ನು ತೆರವುಗೊಳಿಸುವ ದಾವೆಗಳನ್ನೂ ನ್ಯಾಯಮಂಡಳಿಯ ಮುಂದೆ ತಂದವರಿದ್ದರು. 2010ರ ಸೆಪ್ಟೆಂಬರ್ 1ರಂದು ಆಂಧ್ರದ ಸುಗ್ರಾ ಹುಮಾಯೂನ್ ಮಿರ್ಜಾ ವಕ್ಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಡಿಗೆದಾರನ ತೆರವು ನ್ಯಾಯಮಂಡಳಿಯ ಕೆಲಸವಲ್ಲ, ಅದಕ್ಕೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು ಎಂದು ತೀರ್ಪಿತ್ತಿತು. ಮೂರು ವರ್ಷಗಳ ನಂತರ ಪಾರ್ಲಿಮೆಂಟು ಕಾಯಿದೆಗೆ ತಿದ್ದುಪಡಿ ತಂದು ಬಾಡಿಗೆದಾರನ ತೆರವನ್ನು ನ್ಯಾಯಮಂಡಳಿಯ ವ್ಯಾಪ್ತಿಗೆ ಸೇರಿಸಿತು. 2013ರ ನವೆಂಬರ್ 1ರಂದು ಅದು ಜಾರಿಗೆ ಬಂತು. ಇಷ್ಟಾದರೂ ಗೊಂದಲ ತೀರಲಿಲ್ಲ. ವಕ್ಫ್ ಆಸ್ತಿಯ ಕುರಿತು ಪ್ರತಿಬಂಧಕಾಜ್ಞೆ ಕೋರುವ ದಾವೆಯೂ ನ್ಯಾಯಮಂಡಳಿಯ ಮುಂದೆ ನಿಲ್ಲುತ್ತದೆ ಎಂದು ಖಚಿತಪಡಿಸಲು ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರಂದು ಹಿಂದಿನ ಪರಸ್ಪರ ವಿರುದ್ಧ ತೀರ್ಪುಗಳ ಸಾಲನ್ನೇ ಜಾಲಾಡಬೇಕಾಯಿತು.

ಹೈಕೋರ್ಟುಗಳ ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬಾರದ ಪ್ರಶ್ನೆಯೊಂದಕ್ಕೆ ತಾಲೂಕು ಪಟ್ಟಣದ ಒಂದು ಜಮಾಅತ್ ಕಮಿಟಿ ಸರಿಯುತ್ತರ ಕೊಡಬೇಕೆಂದು ನಿರೀಕ್ಷಿಸುವುದು ಎಷ್ಟು ನ್ಯಾಯ? ಉತ್ತರ ತಪ್ಪಾದಾಗ ದಂಡ ತೆರುವವರು ಕಾನೂನನ್ನು ಅಸ್ಪಷ್ಟವಾಗಿ ಬರೆದವರೂ ಅಲ್ಲ, ಅದನ್ನು ಭಿನ್ನ ಭಿನ್ನವಾಗಿ ಅರ್ಥೈಸಿದವರೂ ಅಲ್ಲ. ಖಬರಸ್ಥಾನದ ಬೇಲಿಗಾಗಿ, ಮದ್ರಸದ ಜಮೀನಿಗಾಗಿ ಚಂದಾ ಎತ್ತಿ ದಾವೆ ಹೂಡಿದ ಜನರು.

ಸಿವಿಲ್ ನ್ಯಾಯಾಲಯದಿಂದ ವಕ್ಫ್ ನ್ಯಾಯಮಂಡಳಿಗೆ, ಅಥವಾ ಅಲ್ಲಿಂದ ಇಲ್ಲಿಗೆ, ಕಡತವನ್ನು ನೇರವಾಗಿ ಕಳುಹಿಸುವ ಕಲಮೊಂದು ವಕ್ಫ್ ಕಾಯಿದೆಯಲ್ಲಿಲ್ಲ. 24ನೇ ಕಲಮು ಮಾತನಾಡುವುದು ಅಧೀನ ನ್ಯಾಯಾಲಯಗಳ ನಡುವಿನ ವರ್ಗಾವಣೆಯ ಬಗ್ಗೆ ಮಾತ್ರ. ಪಾರ್ಲಿಮೆಂಟಿಗೆ ವರ್ಗಾವಣೆಯ ಕಲಮು ಬರೆಯುವುದು ತಿಳಿಯದೇನೂ ಅಲ್ಲ. 1993ರಲ್ಲಿ ಬ್ಯಾಂಕುಗಳ ಸಾಲ ವಸೂಲಿಗಾಗಿ ನ್ಯಾಯಮಂಡಳಿಗಳನ್ನು ರಚಿಸಿದಾಗ, ಸಿವಿಲ್ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಬ್ಯಾಂಕುಗಳ ದಾವೆಗಳು ತಾವಾಗಿಯೇ ಹೊಸ ನ್ಯಾಯಮಂಡಳಿಗೆ ವರ್ಗಾವಣೆಯಾಗುವಂತೆ ಅದರ 31ನೇ ಕಲಮಿನಲ್ಲಿ ಬರೆಯಲಾಯಿತು. ನಿಂತ ಹಂತದಿಂದಲೇ ಮುಂದುವರಿಸಲೂ ಅವಕಾಶವಿತ್ತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯಲ್ಲೂ ಬಾಕಿ ದಾವೆಗಳ ವರ್ಗಾವಣೆಗೆ ದಾರಿ ಮಾಡಲಾಯಿತು. ಬ್ಯಾಂಕಿನ ಕಡತ, ವ್ಯಾಪಾರಿಯ ಕಡತ ಗೌರವದಿಂದ ಸಾಗುತ್ತದೆ. ಅನಾಥಾಲಯಕ್ಕೆಂದು ದಾನ ಬಿಟ್ಟ ಜಮೀನಿನ ಕಡತ ಮಾತ್ರ ಬೀದಿಗೆ ಬೀಳುತ್ತದೆ.

2025ರ ನಂತರ ಅಪಾಯ ಇಮ್ಮಡಿ

ಇಷ್ಟು ಕಾಲ ಈ ಅಲೆದಾಟದಲ್ಲಿ ವಕ್ಫ್‌ಗೆ ಒಂದು ರಕ್ಷಣೆಯಿತ್ತು. ವಕ್ಫ್ ಸ್ಥಿರಾಸ್ತಿಯನ್ನು ಮರಳಿ ಪಡೆಯುವ ದಾವೆಗೆ ಕಾಲಮಿತಿ ಕಾಯಿದೆ ಅನ್ವಯಿಸುವುದಿಲ್ಲವೆಂದು 1995ರ ಕಾಯಿದೆಯ 107ನೇ ಕಲಮು ಹೇಳುತ್ತಿತ್ತು. ಆದುದರಿಂದ ಬಾಗಿಲು ತಪ್ಪಿದರೂ ಇನ್ನೊಂದು ಬಾಗಿಲಿಗೆ ಹೋಗಲು ಸಮಯವಿರುತ್ತಿತ್ತು. 2025ರ ಏಪ್ರಿಲ್ 8ರಂದು ಜಾರಿಗೆ ಬಂದ ತಿದ್ದುಪಡಿ ಕಾಯಿದೆ ಆ ರಕ್ಷಣೆಯನ್ನು ಕಿತ್ತುಕೊಂಡಿತು. 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯ ಕೆಲವು ಅಂಶಗಳನ್ನು ತಡೆಹಿಡಿಯಿತಾದರೂ ಕಾಲಮಿತಿಗೆ ಸಂಬಂಧಿಸಿದ ಈ ಬದಲಾವಣೆಯನ್ನು ತಡೆಹಿಡಿಯಲಿಲ್ಲ.

ಇದರ ಪರಿಣಾಮವನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಸ್ಥಿರಾಸ್ತಿಯ ಸ್ವಾಧೀನ ಕೋರುವ ದಾವೆಗೆ ಕಾಲಮಿತಿ ಕಾಯಿದೆಯಲ್ಲಿರುವ ಸಾಮಾನ್ಯ ಅವಧಿ 12 ವರ್ಷ. ಅತಿಕ್ರಮಣವಾಗಿ ಹತ್ತನೇ ವರ್ಷದಲ್ಲಿ ಎಚ್ಚೆತ್ತ ಕಮಿಟಿಯೊಂದು ತಪ್ಪು ನ್ಯಾಯಾಲಯದಲ್ಲಿ ದಾವೆ ಹೂಡಿ ಐದು ವರ್ಷಗಳ ಬಳಿಕ ವಾದಪತ್ರವನ್ನು ಹಿಂದಕ್ಕೆ ಪಡೆದರೆ ಹದಿನೈದು ವರ್ಷ ತುಂಬಿರುತ್ತದೆ. ಆಗ ಅದರ ಪಾಲಿಗೆ ಉಳಿಯುವುದು ಕಾಲಮಿತಿ ಕಾಯಿದೆಯ 14ನೇ ಕಲಮು. ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಸದ್ಭಾವನೆಯಿಂದಲೂ ಶ್ರದ್ಧೆಯಿಂದಲೂ ದಾವೆ ನಡೆಸಿದ ಕಾಲವನ್ನು ಲೆಕ್ಕದಿಂದ ಕಳೆಯಬಹುದೆಂದು ಅದು ಹೇಳುತ್ತದೆ. ಆದರೆ ಅದೇ ಕಾಯಿದೆಯ ಪ್ರಕಾರ, ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಯಾವುದೂ ಸದ್ಭಾವನೆ ಎನಿಸುವುದಿಲ್ಲ. ಎದುರು ಪಕ್ಷದ ವಕೀಲರು ಕೇಳದೆ ಬಿಡುವರೇ? 2013ರ ತಿದ್ದುಪಡಿ ಇತ್ತು, 2021ರ ತೀರ್ಪು ಇತ್ತು, ಹಾಗಿದ್ದೂ ಸಿವಿಲ್ ನ್ಯಾಯಾಲಯಕ್ಕೆ ಬಂದುದರಲ್ಲಿ ಎಚ್ಚರವೆಲ್ಲಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ಸಮರ್ಪಕ ಉತ್ತರವಿಲ್ಲದಿದ್ದರೆ ಆಸ್ತಿ ಹೋಯಿತು. ಕಾಲಮಿತಿಯನ್ನು ಹೇರಲು ಅತ್ಯುತ್ಸಾಹ ತೋರಿದ ಸರಕಾರವು, ಬಾಗಿಲು ತಪ್ಪಿದ ದಾವೆಯನ್ನು ಸರಿಯಾದ ಬಾಗಿಲಿಗೆ ಕಳುಹಿಸುವ ಒಂದು ಸಾಲನ್ನು ಬರೆಯಲು ಏಕೆ ಮರೆಯಿತು? ವಕ್ಫ್‌ನ ಹಿತರಕ್ಷಣೆಯೇ ತಿದ್ದುಪಡಿಯ ಉದ್ದೇಶವೆಂದು ಹೇಳಿಕೊಂಡವರು ಇದಕ್ಕೆ ಉತ್ತರಿಸಬೇಕಾಗಿದೆ.

ಮಹ್ರ್ ಕೇಳಿ ಹೋದ ಹೆಣ್ಣುಮಗಳು

ಇದು ಮಸೀದಿ-ಮದ್ರಸಗಳ ಸಮಸ್ಯೆ ಮಾತ್ರವಲ್ಲ, ನಮ್ಮ ಮನೆಯೊಳಗಿನ ಸಮಸ್ಯೆಯೂ ಹೌದು. ವಿಚ್ಛೇದಿತ ಮಹಿಳೆಯೊಬ್ಬಳು ತನ್ನ ಚಿನ್ನಾಭರಣ, ತನ್ನ ಹೆಸರಿನ ಆಸ್ತಿಯನ್ನು ಗಂಡನಾಗಿದ್ದವನಿಂದ ಮರಳಿ ಪಡೆಯಲು ಎಲ್ಲಿಗೆ ಹೋಗಬೇಕು? 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಪ್ರಕಾರ, ಕುಟುಂಬ ನ್ಯಾಯಾಲಯವಿರುವ ಪ್ರದೇಶದಲ್ಲಿ ದಂಪತಿಗಳ ನಡುವಿನ ಆಸ್ತಿ ವಿವಾದ ಅಲ್ಲಿಗೇ ಹೋಗಬೇಕು. ತಲಾಖ್ ಆದ ಮೇಲೆ ನಾವು ದಂಪತಿಗಳಲ್ಲ, ಆದ್ದರಿಂದ ಕುಟುಂಬ ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂಬ ವಾದವನ್ನು ಕೇರಳದ ಮುಸ್ಲಿಮ್ ದಂಪತಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೂ ಕೊಂಡೊಯ್ಯಲಾಯಿತು. 2003ರಲ್ಲಿ ಅದು ತಿರಸ್ಕೃತವಾಯಿತು. ಆಕೆ ಸರಿಯಾದ ಬಾಗಿಲನ್ನೇ ತಟ್ಟಿದ್ದಳು; ಆದರೂ ಅದು ಸರಿಯಾದ ಬಾಗಿಲೆಂದು ಸಾಬೀತುಪಡಿಸಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ನಡೆಯಬೇಕಾಯಿತು. ಇನ್ನು ಮೊದಲೇ ಬಾಗಿಲು ತಪ್ಪಿದವಳ ಗತಿಯೇನು?

ಆಕ್ಷೇಪಕ್ಕೆ ಉತ್ತರ

ಅಧಿಕಾರ ವ್ಯಾಪ್ತಿಯೆಂಬುದು ನ್ಯಾಯಾಲಯದ ಬುನಾದಿ, ಅದನ್ನು ಸಡಿಲಿಸಿದರೆ ಪ್ರತಿಯೊಬ್ಬನೂ ತನಗೆ ಅನುಕೂಲವಾದ ನ್ಯಾಯಾಲಯದಲ್ಲಿ ದಾವೆ ಹೂಡಿಯಾನು ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ತಿರುಳಿದೆ. ಅಧಿಕಾರವಿಲ್ಲದ ನ್ಯಾಯಾಲಯದ ಡಿಕ್ರಿ ಅಸಿಂಧುವೆಂದು ಸುಪ್ರೀಂ ಕೋರ್ಟು 1954ರಲ್ಲೇ ಸಾರಿದೆ. ಆದರೆ ತಪ್ಪು ನ್ಯಾಯಾಲಯ ತೀರ್ಪು ಕೊಡಲಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕಡತವನ್ನು ಸರಿಯಾದ ನ್ಯಾಯಾಲಯಕ್ಕೆ ಕಳುಹಿಸಿರಿ ಎಂದಷ್ಟೇ ಕೇಳುತ್ತಿದ್ದೇವೆ. ಬೇಕೆಂದೇ ತಪ್ಪು ನ್ಯಾಯಾಲಯಕ್ಕೆ ಹೋದವನ ಮೇಲೆ ಖರ್ಚನ್ನು ಹೇರಲಿ, ಅದಕ್ಕೆ ವಿರೋಧವಿಲ್ಲ. ಒಬ್ಬ ನ್ಯಾಯಾಧೀಶರ ಮುಂದೆ ದಾಖಲಾದ ಸಾಕ್ಷ್ಯವನ್ನು ಇನ್ನೊಬ್ಬರು ಹೇಗೆ ಬಳಸುವುದು ಎಂಬ ಪ್ರಶ್ನೆಗೂ ಅರ್ಥವಿಲ್ಲ. ನ್ಯಾಯಾಧೀಶರು ವರ್ಗವಾದಾಗ ಅವರ ಸ್ಥಾನಕ್ಕೆ ಬಂದವರು ಹಿಂದಿನವರು ದಾಖಲಿಸಿದ ಸಾಕ್ಷ್ಯವನ್ನೇ ಬಳಸಿ ಮುಂದುವರಿಯಬಹುದೆಂದು ಸಂಹಿತೆಯ 18ನೇ ಆದೇಶದ 15ನೇ ನಿಯಮ ಹೇಳುತ್ತದೆ. ನ್ಯಾಯಾಧೀಶರು ಬದಲಾದಾಗ ಕೆಡದ ಸಾಕ್ಷ್ಯ, ನ್ಯಾಯಾಲಯ ಬದಲಾದಾಗ ಮಾತ್ರ ಕೆಡುವುದು ಹೇಗೆ?

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಅಧಿಕಾರವಿಲ್ಲದೆಡೆ ಹೂಡಿದ ಪ್ರಕರಣವನ್ನು, ನ್ಯಾಯದ ಹಿತಕ್ಕೆ ಅಗತ್ಯವಿದ್ದರೆ, ಅಧಿಕಾರವಿರುವ ಫೆಡರಲ್ ನ್ಯಾಯಾಲಯಕ್ಕೆ ವರ್ಗಾಯಿಸಬೇಕೆಂಬ ಕಾನೂನು 1982ರಿಂದಲೇ ಇದೆ. ಮೊದಲು ಹೂಡಿದ ದಿನವೇ ಸರಿಯಾದ ನ್ಯಾಯಾಲಯದಲ್ಲಿ ಹೂಡಿದಂತೆ ಅದನ್ನು ಪರಿಗಣಿಸಲಾಗುತ್ತದೆ. ಇದರಿಂದ ಅಲ್ಲಿಯ ನ್ಯಾಯಾಂಗದ ಬುನಾದಿ ಕುಸಿದಿಲ್ಲ.

ನಮ್ಮ ಕೈಗಳು ಶುಭ್ರವೇ?

ಸರಕಾರವನ್ನೂ ಕಾನೂನನ್ನೂ ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ಮಸೀದಿಗೆ ಅಮೃತಶಿಲೆ ಹಾಸಲು ಉದಾರವಾಗಿ ನೀಡುವ ಜಮಾಅತ್‌ಗಳು ವಕ್ಫ್ ಕಾನೂನು ಬಲ್ಲ ವಕೀಲರ ಸಲಹೆ ಪಡೆಯಲು ಜಿಪುಣತನ ತೋರುತ್ತವೆ. ವಕ್ಫ್ ಪತ್ರ, ಸರ್ವೆ ದಾಖಲೆ, ಪಹಣಿ, ಬಾಡಿಗೆ ಕರಾರುಗಳು ಯಾರೋ ಮಾಜಿ ಮುತವಲ್ಲಿಯ ಮನೆಯ ಟ್ರಂಕಿನಲ್ಲಿ ಕೊಳೆಯುತ್ತವೆ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂಬ ಜಗಳವನ್ನು ನ್ಯಾಯಾಲಯಕ್ಕೆ ಒಯ್ಯಲು ತೋರುವ ಹುರುಪು, ಅತಿಕ್ರಮಣಗೊಂಡ ಆಸ್ತಿಯ ವಿಷಯದಲ್ಲಿ ಕಾಣುವುದಿಲ್ಲ. ವಕ್ಫ್ ಎಂಬುದು ಅಮಾನತ್. ಅಮಾನತ್ತನ್ನು ಹಕ್ಕುದಾರರಿಗೆ ತಲುಪಿಸಬೇಕೆಂಬ ಕುರ್‌ಆನಿನ ಆದೇಶವನ್ನು ಮಿಂಬರಿನಿಂದ ಕೇಳಿ ತಲೆದೂಗುವ ನಾವು, ಅದೇ ಅಮಾನತ್ತನ್ನು ನಮ್ಮ ಅಸಡ್ಡೆಯಿಂದ ಕಳೆದುಕೊಂಡರೆ ಅಲ್ಲಾಹನ ಮುಂದೆ ಏನು ಹೇಳುವೆವು?

ಇನ್ನೂ ಕಹಿಯಾದ ಸತ್ಯವೊಂದಿದೆ. ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹೂಡಿದ ಸಹೋದರಿಯ ವಿರುದ್ಧ, ಇದು ಈ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ, ದಾವೆಯ ಮೌಲ್ಯ ಸರಿಯಿಲ್ಲ ಎಂದು ಆಕ್ಷೇಪ ಸಲ್ಲಿಸಿ ವರ್ಷಗಟ್ಟಲೆ ಎಳೆದಾಡುವವರು ನಮ್ಮ ನಡುವೆಯೇ ಇದ್ದಾರೆ. ಅವಳ ಪಾಲನ್ನು ಅಲ್ಲಾಹನೇ ನಿಗದಿಪಡಿಸಿದ್ದಾನೆ. ಅದನ್ನು ತಾಂತ್ರಿಕ ಆಕ್ಷೇಪದ ಹಿಂದೆ ಅಡಗಿಸಿಡುವವನು ಐದು ಹೊತ್ತು ನಮಾಝ್ ಮಾಡುವವನೂ ಆಗಿರುತ್ತಾನೆ. ವಾಕ್ಚಾತುರ್ಯದಿಂದ ತನ್ನ ಪರ ತೀರ್ಪು ಪಡೆದು ಸಹೋದರನ ಹಕ್ಕನ್ನು ಕಬಳಿಸುವವನು ಪಡೆಯುವುದು ನರಕಾಗ್ನಿಯ ತುಂಡನ್ನೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ನ್ಯಾಯಾಲಯದ ವ್ಯಾಪ್ತಿ ತಪ್ಪಿರಬಹುದು. ಹಕ್ಕಿನ ವ್ಯಾಪ್ತಿ ತಪ್ಪುವುದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ಸಿವಿಲ್ ನ್ಯಾಯಾಲಯ ಮತ್ತು ವಕ್ಫ್ ನ್ಯಾಯಮಂಡಳಿಯ ನಡುವೆ ಕಡತಗಳನ್ನು ನೇರವಾಗಿ ವರ್ಗಾಯಿಸುವ ಕಲಮನ್ನು ವಕ್ಫ್ ಕಾಯಿದೆಗೆ ಸೇರಿಸಬೇಕು. ದಾವೆ ಮೊದಲು ಹೂಡಿದ ದಿನವೇ ಕಾಲಮಿತಿಗೆ ಲೆಕ್ಕವಾಗಬೇಕು. ಎರಡನೆಯದಾಗಿ, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ವರ್ಗಾವಣೆ ನಿಯಮವಾಗಿ, ವಾದಪತ್ರ ಹಿಂದಿರುಗಿಸುವುದು ಅಪವಾದವಾಗಿ ಬದಲಾಗಬೇಕು. ಮೂರನೆಯದಾಗಿ, ಅಧಿಕಾರ ವ್ಯಾಪ್ತಿಯ ಪ್ರಶ್ನೆಯನ್ನು ಆರಂಭದಲ್ಲೇ ತೀರ್ಮಾನಿಸಲು 14ನೇ ಆದೇಶದ 2ನೇ ನಿಯಮದಲ್ಲಿ ಈಗಲೇ ಅವಕಾಶವಿದೆ. ಅದನ್ನು ಕೊನೆಯ ಹಂತದವರೆಗೆ ತೂಗುಹಾಕಬಾರದು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಪ್ರತಿಯೊಂದು ಜಮಾಅತ್ ತನ್ನ ಆಸ್ತಿಗಳ ನೋಂದಣಿ ಮತ್ತು ದಾಖಲೆಗಳನ್ನು ತಕ್ಷಣ ಪರಿಶೀಲಿಸಲಿ. ಸಿವಿಲ್ ನ್ಯಾಯಾಲಯದಲ್ಲಿ ಬಾಕಿಯಿರುವ ಪ್ರತಿಯೊಂದು ವಕ್ಫ್ ದಾವೆಯೂ ಸರಿಯಾದ ಸ್ಥಳದಲ್ಲಿದೆಯೇ ಎಂದು ಬಲ್ಲ ವಕೀಲರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಲಿ; ಮುಂದೊಂದು ದಿನ ಸದ್ಭಾವನೆ ಮತ್ತು ಎಚ್ಚರವನ್ನು ಸಾಬೀತುಪಡಿಸಲು ಆ ಬರಹವೇ ನೆರವಾಗಬಹುದು. ತಪ್ಪಾಗಿದ್ದರೆ ಎದುರು ಪಕ್ಷ ಆಕ್ಷೇಪವೆತ್ತುವವರೆಗೆ ಕಾಯದೆ ತಾವೇ ತಿದ್ದಿಕೊಳ್ಳಲಿ. ಹೆಣ್ಣುಮಕ್ಕಳಿಗೆ ಒಂದು ವಿಷಯವನ್ನು ಮನೆಮನೆಗೂ ತಿಳಿಸಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಎಲ್ಲಿ ದಾವೆ ಹೂಡಬೇಕೆಂದು ಕೇಳಲು ಅವಳು ಯಾರಿಗೂ ಹಣ ಕೊಡಬೇಕಾಗಿಲ್ಲ.

ನಿನ್ನೆ ಕೊಟ್ಟ ತೀರ್ಪು ತಪ್ಪೆಂದು ಇಂದು ತಿಳಿದರೆ ಸತ್ಯಕ್ಕೆ ಮರಳಲು ಹಿಂಜರಿಯಬಾರದೆಂದು ಹ. ಉಮರ್(ರ) ತಮ್ಮ ನ್ಯಾಯಾಧೀಶರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರೆಂದು ಇತಿಹಾಸ ಹೇಳುತ್ತದೆ. ನ್ಯಾಯಾಧೀಶನಿಗೇ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವಿರುವಾಗ, ನ್ಯಾಯ ಕೇಳಿ ಬಂದವನಿಗೆ ಅದನ್ನು ನಿರಾಕರಿಸುವುದು ಯಾವ ನ್ಯಾಯ? ಬಾಗಿಲು ತಪ್ಪಿ ಬಂದವನನ್ನು ಕೈಹಿಡಿದು ಸರಿಯಾದ ಬಾಗಿಲಿಗೆ ಕರೆದೊಯ್ಯುವುದು ನ್ಯಾಯಾಲಯಕ್ಕೆ ಅವಮಾನವಲ್ಲ, ಅದರ ಕರ್ತವ್ಯ.